‘ಮನೆ’ ಶಬ್ದದ ವ್ಯುತ್ಪತ್ತಿವಿಚಾರ

ಗೃಹಪ್ರವೇಶದ ಸಮಾರಂಭಗಳಲ್ಲಿ ‘ಮನ’ದಿಂದ ‘ಮನೆ’ ಹುಟ್ಟಿತೆಂಬ ಮಾತು ಪದೇ ಪದೇ ಕೇಳಿಬರುವುದು. ಮನಸ್ಸು ನೆಮ್ಮದಿಯಿಂದಿರುವ ತಾಣವಾದುದರಿಂದ ಅದು ಮನೆಯಾಯಿತಂತೆ. ಕಿವಿಗೆ ಇಂಪಾದ ಈ ಮಾತನ್ನು ನಾನೂ ಅನೇಕ ವರ್ಷ ಮಕ್ಕಳಿಗೆ ಪಾಠವಾಗಿ ಹೇಳಿದ್ದುಂಟು. ಅದು ತಪ್ಪೆಂದು ಈಗ ಒಪ್ಪಿಕೊಂಡು, ತಪ್ಪು ಎಲ್ಲಿದೆಯೆಂಬುದನ್ನು ವಾಚಕರ ಮುಂದಿಡುವುದು ನನ್ನ ಕರ್ತವ್ಯವಾಗಿದೆ.

ಮೊದಲು ವ್ಯಾಕರಣವನ್ನು ನೋಡೋಣ. ಸಂಸ್ಕೃತದ ಆಕಾರಾಂತ ಶಬ್ದಗಳು ಕನ್ನಡಕ್ಕೆ ಬಂದಾಗ ಸಾಮಾನ್ಯವಾಗಿ ಎಕಾರಾಂತವಾಗುವುವು: ಮಾಲಾ ಮಾಲೆಯಾಯಿತು, ಶಾಲಾ ಶಾಲೆಯಾಯಿತು. ‘ಮನಸ್’ ಎಂಬುದಾದರೋ ಸಕಾರಾಂತ. ಅದು ನಮ್ಮಲ್ಲಿ ಮನ, ಮನಸು, ಮನಸ್ಸು ಎಂದಾಯಿತೇ ಹೊರತು ಮನೆಯಾಗಲು ದಾರಿಯಿಲ್ಲ. ಅಮರಸಿಂಹನು ಪುರವರ್ಗದಲ್ಲಿ ಹೇಳಿರುವ ಗೃಹಪರ್ಯಾಯಗಳಲ್ಲಿಯೂ ಇದಕ್ಕೆ ಮೂಲವಾಗತಕ್ಕ ಶಬ್ದವೊಂದೂ ಕಾಣುವುದಿಲ್ಲ.

ಸೋದರಭಾಷೆಗಳ ಕಡೆಗೆ ತಿರುಗಿದರೆ ವಿಷಯವು ತಿಳಿಯಾಗುವುದು. ತಮಿಳಿನಲ್ಲಿ ‘ಮನೈ’ ಎಂದರೆ ಮನೆ, ‘ಮನೈವಿ’ ಎಂದರೆ ಹೆಂಡತಿ. ಮಲೆಯಾಳದಲ್ಲಿ ನಂಬೂದಿರಿಗಳ ವಾಸಗೃಹಕ್ಕೆ ‘ಮನ’ ಎಂದು ಹೆಸರು. ತಮಿಳಿನ ‘ಮನ್ನು’ ಧಾತುವಿಗೆ ಸ್ಥಿರವಾಗಿ ನಿಲ್ಲು ಎಂದೂ, ತೆಲುಗಿನ ‘ಮನು’ ಎಂಬುದಕ್ಕೆ ಬದುಕು ಎಂದೂ, ಗೋಂಡಿ ಕುಯಿ ಭಾಷೆಗಳ ‘ಮನ್’ ಎಂಬುದಕ್ಕೆ ಇರು ಎಂದೂ ಅರ್ಥ. ಬರೋ ಮತ್ತು ಎಮೆನೋ ಎಂಬ ಪಂಡಿತರ ದ್ರಾವಿಡ ನಿಘಂಟು (1961) ಇಂತಹ ಜ್ಞಾತಿಶಬ್ದಗಳ ಭಂಡಾರವೇ ಆಗಿದೆ. ಬಹುಕಾಲ ಇರುವ ಎಡೆಯೇ ಮನೆ ಎಂಬ ನಿಷ್ಪತ್ತಿಯೇ ಯುಕ್ತವೆಂದು ನನ್ನ ಮತ.

ಉಳಿ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಇಂಗ್ಲಿಷಿನ ‘ಮ್ಯಾನ್ಷನ್’ ಬಂದಿರುವುದು ನಿಜ. ಅಷ್ಟರಿಂದಲೇ ನಮ್ಮ ಮನೆಯನ್ನು ರೋಮಿಗೆ ಸಾಗಿಸಿದರೆ ಹಳೆಯ ತಪ್ಪನ್ನೇ ಮತ್ತೆ ಮಾಡಿದಂತಾಗುವುದು. ನಾದಸಾಮ್ಯವು ನಂಟಸ್ತಿಕೆಗೆ ಪ್ರಮಾಣವಲ್ಲ.

ಹಾಗಾದರೆ ಅಡಿಗೆಮನೆ, ಬಚ್ಚಲುಮನೆಗಳ ಗತಿಯೇನೆಂದು ಯಾರಾದರೂ ಕೇಳಬಹುದು. ಅವೂ ಒಂದೊಂದು ಕಾರ್ಯಕ್ಕೆ ಸ್ಥಿರವಾದ ಎಡೆಗಳೇ. ಪಗಡೆಯ ಕಾಯಿ ನಿಲ್ಲುವ ಚೌಕವೂ ಮನೆಯೇ. ಸೆರೆಮನೆಯಲ್ಲಂತೂ ನಿಲ್ಲದೆ ವಿಧಿಯಿಲ್ಲ! ಮೂಡಿಗೆರೆಯ ಕಡೆಯ ಬೆಟ್ಟದಲ್ಲಿ ಕಾಲಭೈರವನು ನೆಲೆಸಿರುವ ಸ್ಥಳಕ್ಕೆ ಜನರು ಇಟ್ಟ ಹೆಸರು ದೇವರಮನೆ. ವೇಶ್ಮವೆಂದರೆ ಪ್ರವೇಶಿಸುವ ಸ್ಥಳ, ಸದ್ಮವೆಂದರೆ ಕುಳಿತುಕೊಳ್ಳುವ ಸ್ಥಳ. ನಮ್ಮ ಮನೆಯೋ ಉಳಿಯುವ ಸ್ಥಳ. ಮನೆತನ, ಮನೆದೇವರು, ಮನೆಮಾತು ಇವೆಲ್ಲವೂ ತಲೆಮಾರುಗಳನ್ನು ದಾಟಿ ಉಳಿಯತಕ್ಕವು. ಮಲೆನಾಡಿನಲ್ಲಿ ಹೆಸರಿಗಿಂತ ಮೊದಲು ‘ಯಾವ ಮನೆಯವರು?’ ಎಂದು ಕೇಳುವ ವಾಡಿಕೆಯುಂಟು. ಹೊಸಮನೆಯು ನೂರು ವರ್ಷ ಕಳೆದರೂ ಹೊಸಮನೆಯೇ.

ಇದು ಬರಿಯ ಪಂಡಿತರ ವಿವಾದವೆಂದು ತಿಳಿಯಬಾರದು. ಕಾಫಿಯ ತೋಟಗಳೊಡನೆ ಈ ಸೀಮೆಗೆ ‘ಬಂಗಲೆ’, ‘ಲೈನು’ ಎಂಬ ಮಾತುಗಳು ಬಂದವು. ತೋಟದ ಆಳುಗಳಿಗೆ ವಸತಿಯನ್ನು ಒದಗಿಸುವ ಹೊಣೆಯನ್ನು 1951ರ ಕಾಯಿದೆಯು ಮಾಲೀಕರ ಮೇಲಿಟ್ಟಿತು. ಆದರೂ ಇಪ್ಪತ್ತು ವರ್ಷ ಲೈನಿನಲ್ಲಿದ್ದವನು ಹಬ್ಬಕ್ಕೆ ತನ್ನೂರಿಗೆ ಹೊರಡುವಾಗ ‘ಮನೆಗೆ ಹೋಗಿ ಬರುತ್ತೇನೆ’ ಎನ್ನುವನು. ಕೆಲಸ ಮುಗಿದ ದಿನ ಬಿಡಬೇಕಾದ ಸೂರು ಮನೆಯಲ್ಲವೆಂದು ಅವನು ಬಲ್ಲ. ಧಾತುಪಾಠವನ್ನು ಓದದೆಯೂ ಧಾತ್ವರ್ಥವನ್ನು ಅವನು ನಮಗಿಂತ ಚೆನ್ನಾಗಿ ಅರಿತಿರುವನು.

ಇತ್ತ ಮಕ್ಕಳು ಬೆಂಗಳೂರು ಸೇರಿದ ದೊಡ್ಡ ಮನೆಗಳ ಬಾಗಿಲಲ್ಲಿ ‘ಹೋಂಸ್ಟೇ’ ಎಂಬ ಹಲಗೆ ಕಾಣುತ್ತಿದೆ. ನಮ್ಮ ಒಂದೇ ಮಾತು ಹೇಳುತ್ತಿದ್ದುದಕ್ಕೆ ಅಲ್ಲಿ ಎರಡು ಮಾತು ಬೇಕಾಯಿತು. ತಂಗುವವರು ಮಾತ್ರ ಎರಡೇ ರಾತ್ರಿಯವರು. ಮನಸ್ಸಿನ ಸಂತೋಷವೇ ಮನೆಯಾಗುವುದಾದರೆ ಆ ಅತಿಥಿಗೂ ಅದು ಮನೆಯಾಗಬೇಕಿತ್ತು, ಲೈನಿನವನಿಗೆ ‘ಮನಸ್ಸಿದ್ದರೆ ಇದೇ ಮನೆ’ ಎಂದು ಸಮಾಧಾನ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಸವಿಯಾದ ಸುಳ್ಳು ವ್ಯುತ್ಪತ್ತಿಯ ಅಪಾಯವು ಇದೇ.

ಆದುದರಿಂದ ಗೃಹಪ್ರವೇಶದಲ್ಲಿ ಮಾತನಾಡುವ ಮಹನೀಯರು ಇನ್ನು ಮುಂದೆ ಮನಸ್ಸನ್ನು ಅದರ ಪಾಡಿಗೆ ಬಿಟ್ಟು, ‘ಇಲ್ಲಿ ಬಹುಕಾಲ ನಿಲ್ಲಿರಿ’ ಎಂದು ಹರಸಲಿ. ಶಬ್ದಾರ್ಥವೂ ಶುಭಾಶಯವೂ ಆಗ ಒಂದೇ ಆಗುವುವು.