ಬದುಕಿರುವವನ ಮರಣಪತ್ರ: ‘ತಿಥಿ’ ಚಿತ್ರದ ಗಡ್ಡಪ್ಪ

ಮರಣೋತ್ತರ ಕ್ರಿಯೆಗಳನ್ನು ಸಮಾಜದ ಒಳಗನ್ನು ಕಾಣುವ ಕಿಂಡಿಯಾಗಿ ಬಳಸಿಕೊಂಡ ಪರಂಪರೆಯೊಂದು ಕನ್ನಡ ಚಲನಚಿತ್ರಕ್ಕೆ ಇದೆ. 1970ರ ‘ಸಂಸ್ಕಾರ’ದಲ್ಲಿ ಶವಸಂಸ್ಕಾರದ ಅಧಿಕಾರ ಯಾರದೆಂಬ ಪ್ರಶ್ನೆಯು ಇಡೀ ಅಗ್ರಹಾರವನ್ನು ಕಟ್ಟಿಹಾಕುತ್ತದೆ. 1977ರ ‘ಘಟಶ್ರಾದ್ಧ’ದಲ್ಲಿ ಉಸಿರಾಡುತ್ತಿರುವ ಹೆಣ್ಣೊಬ್ಬಳಿಗೆ ಶ್ರಾದ್ಧವೇ ನಡೆದುಹೋಗುತ್ತದೆ. ಈ ಪರಂಪರೆಯ ಮುಂದುವರಿಕೆಯೂ ಅದರಿಂದ ಹೊರಳಿದ ದಾರಿಯೂ ಆಗಿರುವ ಕೃತಿ ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’. 2015ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿಗಳನ್ನೂ 63ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆಂಬ ಮನ್ನಣೆಯನ್ನೂ ಪಡೆದ ಈ ಚಿತ್ರ ಕರ್ನಾಟಕದಲ್ಲಿ ತೆರೆಕಂಡದ್ದು 2016ರ ಮೇ ತಿಂಗಳಲ್ಲಿ. ಇದರ ರಚನೆಯಲ್ಲಿ ಈರೇಗೌಡರ ಪಾಲಿದೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಪರಿಸರದಲ್ಲಿ, ವೃತ್ತಿನಿರತರಲ್ಲದ ಹಳ್ಳಿಗರೇ ಪಾತ್ರವಹಿಸಿರುವುದು ಇದರ ವೈಶಿಷ್ಟ್ಯ.

ಕಥೆಯ ಹಂದರ ಸರಳವಾದುದು. ನೂರೊಂದು ವರ್ಷದ ಸೆಂಚುರಿ ಗೌಡ ಹಾದಿಬದಿಯಲ್ಲಿ ಹೋಗಿಬರುವವರನ್ನೆಲ್ಲ ಬೈಯುತ್ತಿದ್ದವನು ಹಠಾತ್ತನೆ ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯವರೆಗಿನ ಅವಧಿಯಲ್ಲಿ ಅವನ ಹಿರಿಯ ಮಗ ಗಡ್ಡಪ್ಪ, ಮೊಮ್ಮಗ ತಮ್ಮಣ್ಣ, ಮರಿಮಗ ಅಭಿ ಈ ಮೂವರೂ ಸಾವಿಗೆ ಸ್ಪಂದಿಸುವ ಬಗೆಯೇ ಚಿತ್ರದ ವಸ್ತು. ಮೂರು ತಲೆಮಾರುಗಳ ನಡುವೆ ಚಿತ್ರದ ನೈತಿಕ ಭಾರವನ್ನು ಹೊತ್ತಿರುವವನು ಅಭಿಯ ಅಜ್ಜನಾದ ಗಡ್ಡಪ್ಪ. ಈ ಪಾತ್ರವಹಿಸಿದ ಚನ್ನೇಗೌಡರು ಚಿತ್ರದಿಂದ ಮನೆಮಾತಾಗಿ ಮುಂದೆ ಇತರ ಚಿತ್ರಗಳಲ್ಲಿಯೂ ಕಾಣಿಸಿಕೊಂಡರು. ಆ ಜನಪ್ರಿಯತೆಯಲ್ಲಿ ಪಾತ್ರದ ಹಾಸ್ಯ ಉಳಿದು, ಅದರ ಬಳಲಿಕೆ ಮರೆಯಾದಂತೆ ತೋರುತ್ತದೆ.

ಗಡ್ಡಪ್ಪ ಬೀಡಿ ಸೇದುತ್ತಾನೆ, ಕುಡಿಯುತ್ತಾನೆ, ಹೊಲಗದ್ದೆಗಳ ಬದುವಿನ ಮೇಲೆ ಅಲೆಯುತ್ತಾನೆ. ತಂದೆಯ ಸಾವಿನ ಸುದ್ದಿಯೂ ಅವನ ನಡಿಗೆಯ ಗತಿಯನ್ನು ಬದಲಿಸುವುದಿಲ್ಲ. ತಮ್ಮಣ್ಣನಿಗಾದರೋ ಅಜ್ಜನ ಹೆಸರಿನಲ್ಲಿರುವ ಜಮೀನನ್ನು ಮಾರಬೇಕಾಗಿದೆ. ಖಾತೆದಾರ ಸತ್ತ ಮೇಲೆ ವಾರಸುದಾರರ ಹೆಸರಿಗೆ ಪೌತಿ ಖಾತೆಯಾಗಬೇಕು. ಅದಕ್ಕೆ ವಂಶವೃಕ್ಷ ಬೇಕು. ಆ ವೃಕ್ಷದಲ್ಲಿ ಮೃತನಿಗೂ ಮೊಮ್ಮಗನಿಗೂ ನಡುವೆ ಗಡ್ಡಪ್ಪ ನಿಂತಿದ್ದಾನೆ. ಅವನು ಜಮೀನನ್ನು ಬಯಸುವುದೂ ಇಲ್ಲ, ಅದನ್ನು ಬಿಟ್ಟುಕೊಡಲು ಕಚೇರಿಯ ಮೆಟ್ಟಿಲನ್ನು ಹತ್ತುವುದೂ ಇಲ್ಲ. ಕೊನೆಗೆ ತಮ್ಮಣ್ಣ ಸಾಲ ಮಾಡಿ, ಲಂಚ ಕೊಟ್ಟು, ಜೀವಂತ ತಂದೆಯ ಮರಣಪತ್ರವನ್ನು ಮಾಡಿಸುತ್ತಾನೆ. ತಂದೆಯ ಕೈಗೆ ಹಣವಿತ್ತು ದೂರದ ಪ್ರವಾಸಕ್ಕೆ ಕಳುಹಿಸುತ್ತಾನೆ. ‘ಘಟಶ್ರಾದ್ಧ’ದಲ್ಲಿ ಶಾಸ್ತ್ರ ಮಾಡಿದ ಕೆಲಸವನ್ನು ಇಲ್ಲಿ ಕಂದಾಯದ ಕಾಗದ ಮಾಡುತ್ತದೆ. ಅಲ್ಲಿನ ಕ್ರಿಯೆಯ ಹಿಂದೆ ಕ್ರೌರ್ಯವಿತ್ತು. ಇಲ್ಲಿ ದ್ವೇಷವೂ ಇಲ್ಲ, ಅನುಕೂಲವಷ್ಟೇ ಇದೆ. ಈ ಸೌಮ್ಯತೆಯೇ ಚಿತ್ರದ ನಿಜವಾದ ಭೀಕರತೆ.

ಗಡ್ಡಪ್ಪನನ್ನು ವಿರಾಗಿಯೆಂದು ಕರೆಯುವುದು ಸುಲಭ. ಆದರೆ ಆ ಹೆಸರು ಪಾತ್ರಕ್ಕೆ ಪೂರ್ತಿ ಒಪ್ಪುವಂಥದಲ್ಲ. ಎಸ್.ಎಲ್. ಭೈರಪ್ಪನವರ ಕಾದಂಬರಿ ‘ವಂಶವೃಕ್ಷ’ವನ್ನು ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು 1970ರ ದಶಕದ ಆರಂಭದಲ್ಲಿ ತೆರೆಗೆ ತಂದರು. ಕಾದಂಬರಿಯ ಶ್ರೀನಿವಾಸ ಶ್ರೋತ್ರಿಯರೂ ಅಜ್ಜನೇ. ತನ್ನ ಹುಟ್ಟಿನ ಸತ್ಯ ತಿಳಿದಾಗ ಆಸ್ತಿಯ ಮೇಲಿನ ಹಕ್ಕನ್ನು ತೊರೆದು ಮನೆಯಿಂದ ಹೊರಡುತ್ತಾರೆ. ಶ್ರೋತ್ರಿಯರ ನಿರ್ಗಮನಕ್ಕೆ ಧರ್ಮಶಾಸ್ತ್ರದ ಭಾಷೆಯಿದೆ, ಸಂನ್ಯಾಸವೆಂಬ ಗೌರವದ ಹೆಸರಿದೆ. ಮಂಡ್ಯ ಸೀಮೆಯ ಒಕ್ಕಲು ಮನೆಯ ಗಡ್ಡಪ್ಪನಿಗೆ ಅಂತಹ ಹೆಸರಿಲ್ಲ. ಅವನ ಬಿಡುಗಡೆಯನ್ನು ಊರು ಕುಡುಕತನವೆಂದೋ ಹೊಣೆಗೇಡಿತನವೆಂದೋ ಓದಬಲ್ಲದು. ವಂಶವನ್ನು ನಿರಾಕರಿಸುವ ಒಂದೇ ಬಗೆಯ ಕ್ರಿಯೆ ಒಂದು ಮನೆಯಲ್ಲಿ ತ್ಯಾಗವೂ ಇನ್ನೊಂದರಲ್ಲಿ ತಲೆನೋವೂ ಆಗುವ ಈ ಅಂತರವನ್ನು ‘ತಿಥಿ’ ಯಾವ ವ್ಯಾಖ್ಯಾನವೂ ಇಲ್ಲದೆ ಮುಂದಿಡುತ್ತದೆ.

ಪ್ರವಾಸಕ್ಕೆ ಹೊರಟವನು ದೂರ ಹೋಗುವುದಿಲ್ಲ. ಬೀಡುಬಿಟ್ಟ ಕುರಿಗಾಹಿಗಳ ಜೊತೆಗೂಡುತ್ತಾನೆ. ಅಲ್ಲಿ ಒಂದು ರಾತ್ರಿ ಬೆಂಕಿಯ ಮುಂದೆ ಕುಳಿತು, ತಂದೆಯಿಂದಲೇ ತನ್ನ ದಾಂಪತ್ಯಕ್ಕೆ ಒದಗಿದ ಆಘಾತವನ್ನು ಹೇಳುತ್ತಾನೆ. ಚಿತ್ರ ಹಿಂದಿನ ಘಟನೆಯನ್ನು ದೃಶ್ಯವಾಗಿಸುವುದಿಲ್ಲ; ಹೇಳುವವನ ಮಾತನ್ನು, ಕೇಳುವವರ ಮೌನವನ್ನು ಮಾತ್ರ ನಂಬುತ್ತದೆ. ಅಲ್ಲಿಯವರೆಗಿನ ನಗೆಯೆಲ್ಲ ಈ ಒಂದು ಸನ್ನಿವೇಶದಲ್ಲಿ ಹಿಂದಕ್ಕೆ ಸರಿದು, ಅವನ ನಿರ್ಲಿಪ್ತತೆ ಸ್ವಭಾವವಲ್ಲ, ಗಾಯವೆಂಬುದು ತಿಳಿಯುತ್ತದೆ. ಇಡೀ ಊರಿಗೆ ಊಟ ಹಾಕಿ ಗೌರವಿಸಲು ಹೊರಟಿರುವ ಮೃತನ ಚಿತ್ರವೂ ಅದರೊಂದಿಗೇ ಬದಲಾಗುತ್ತದೆ. ಮನೆಯವರಿಗೆ ಹೇಳದ ಮಾತನ್ನು ಅವನು ನೆಲವಿಲ್ಲದ ಅಲೆಮಾರಿಗಳಿಗೆ ಹೇಳುವುದು ಆಕಸ್ಮಿಕವಲ್ಲ. ಮನೆಯಲ್ಲಿ ಅವನ ಮಾತಿಗಿಂತ ಅವನ ರುಜುವಿಗೆ ಬೆಲೆ ಹೆಚ್ಚು.

ಚಿತ್ರದ ಮಿತಿ ಇರುವುದೂ ಇಲ್ಲಿಯೇ. ಆ ದಾಂಪತ್ಯದ ದುರಂತ ಗಂಡನ ನೆನಪಿನಲ್ಲಿ ಮಾತ್ರ ಕೇಳಿಸುತ್ತದೆ. ಹೆಂಡತಿಯ ದನಿಗೆ ಸ್ಥಳವಿಲ್ಲ. ಮೂರು ತಲೆಮಾರುಗಳೆಂದು ಎಣಿಸುವಾಗ ಗಂಡಸರನ್ನು ಮಾತ್ರ ಎಣಿಸುವ ವಂಶವೃಕ್ಷದ ಪದ್ಧತಿಯನ್ನು ಚಿತ್ರವೂ ಒಂದು ಮಟ್ಟಿಗೆ ಅನುಸರಿಸುತ್ತದೆ. ಗಡ್ಡಪ್ಪನ ಬಿಡುಗಡೆಗೆ ತೆತ್ತ ಬೆಲೆಯ ಲೆಕ್ಕವೂ ಬಾಕಿಯಿದೆ. ಅಜ್ಜನ ತಿಥಿಯ ಖರ್ಚು, ಸಾಲ, ಕಚೇರಿಯ ಅಲೆದಾಟ ಎಲ್ಲವೂ ತಮ್ಮಣ್ಣನ ಪಾಲಿಗೆ ಬಿದ್ದಿವೆ. ತಂದೆ ಇಳಿಸಿದ ಹೊರೆಯನ್ನು ಹೊತ್ತ ಮಗನಾಗಿ ನೋಡಿದರೆ ತಮ್ಮಣ್ಣ ಖಳನಾಗಿ ಉಳಿಯುವುದಿಲ್ಲ.

ಅಭಿಯೂ ಒಪ್ಪಿಸಿದ ಕೆಲಸ ಬಿಟ್ಟು ಕುರಿಗಾಹಿ ಹುಡುಗಿ ಕಾವೇರಿಯ ಹಿಂದೆ ಅದೇ ಬೀಡಿಗೆ ಬರುತ್ತಾನೆ. ಅಜ್ಜನನ್ನು ಅಲ್ಲಿಗೆ ತಂದದ್ದು ದಣಿವು, ಮೊಮ್ಮಗನನ್ನು ತಂದದ್ದು ಬಯಕೆ. ಖಾತೆಯ ಮೂಲಕ ಮೊಮ್ಮಗನಿಗೆ ದಾಟದ ಆಸ್ತಿಯ ಬದಲು ಮನೆಯಿಂದ ಹೊರಡುವ ದಾರಿಯೊಂದು ಅವನಿಗೆ ದಾಟಿದೆ. ಅದು ವರವೋ ಶಾಪವೋ ಎಂಬುದನ್ನು ಚಿತ್ರ ಹೇಳುವುದಿಲ್ಲ. ಕಾಗದದಲ್ಲಿ ಸತ್ತವನು ಬದುಕಿದ್ದಾನೆಂಬ ಸಂಗತಿಯಷ್ಟೇ ತಮ್ಮಣ್ಣನ ಲೆಕ್ಕಾಚಾರವನ್ನು ಕೆಡಿಸಲು ಸಾಕು. ಏನನ್ನೂ ಕೇಳದ ಮುದುಕನೊಬ್ಬ ಸುಮ್ಮನೆ ಬದುಕಿರುವುದೇ ಒಂದು ವ್ಯವಸ್ಥೆಗೆ ಅಡ್ಡಿಯಾಗಬಲ್ಲದೆಂಬ ಅರಿವು ಕನ್ನಡದ ಕೌಟುಂಬಿಕ ಚಿತ್ರಗಳಿಗೆ ‘ತಿಥಿ’ ಸೇರಿಸಿದ ಮುಖ್ಯ ಮಾತು.