ಕಂಸಾಳೆಗೊಂದು ಮೈಕು, ಮಲ್ಲಿಗೆಗೊಂದು ಮೈಕು

ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರೂ ಪಕ್ಕದ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರೂ ಹುಟ್ಟಿದ್ದು ಒಂದೇ ವರ್ಷ, 1915ರಲ್ಲಿ. ನಾಗೇಗೌಡರು ಟೇಪ್ ರೆಕಾರ್ಡರ್ ಹಿಡಿದು ಹಳ್ಳಿ ಹಳ್ಳಿ ಸುತ್ತಿ ಜನಪದ ಹಾಡುಗಳನ್ನು ದಾಖಲಿಸಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, ಮುಂದೆ ರಾಮನಗರದ ಬಳಿ ಜಾನಪದ ಲೋಕವನ್ನೇ ಎಬ್ಬಿಸಿದರು. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಅಚ್ಚಾಗಿ, ಆಮೇಲೆ ಸುಗಮ ಸಂಗೀತದವರ ಕೊರಳಿಗೇರಿ, ಕ್ಯಾಸೆಟ್ಟುಗಳಲ್ಲಿ ನಾಡೆಲ್ಲ ಹರಡಿತು. ಬಯಲಲ್ಲಿ ಎದೆ ತೆರೆದು ಹಾಡುವ ದನಿ ಒಂದು, ಹಾರ್ಮೋನಿಯಂ ಪಕ್ಕ ಕುಳಿತು ಮೆಲ್ಲಗೆ ಹಾಡುವ ದನಿ ಇನ್ನೊಂದು. ಈ ಸೀಮೆಯಲ್ಲಿ ಎರಡೂ ಜೀವಂತವಾಗಿವೆ. ಮನೆಯ ಕಂಪ್ಯೂಟರಿನಲ್ಲಿ ಹಾಡು ರೆಕಾರ್ಡ್ ಮಾಡಲು ಹೊರಟವರು ಸಾಮಾನು ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದದ್ದು, ತಾವು ಹಿಡಿಯಬೇಕಾದ ದನಿ ಯಾವುದು ಎಂದು.

ಆನ್‌ಲೈನ್ ಅಂಗಡಿಗಳು ಎರಡಕ್ಕೂ ಮಾರುವುದು ಒಂದೇ ಪೊಟ್ಟಣ. ಬಿಎಂ-800 ಎಂಬ ಹೆಸರಿನಲ್ಲಿ ಹಲವರು ತಯಾರಿಸುವ ಕಂಡೆನ್ಸರ್ ಮೈಕು, ಮಡಚುವ ಸ್ಟ್ಯಾಂಡು, ಸ್ಪಂಜಿನ ಟೋಪಿ, ಬೆರಳುದ್ದದ ಯುಎಸ್‌ಬಿ ಸೌಂಡ್ ಕಾರ್ಡು. ಫೋಟೋದಲ್ಲಿ ಸ್ಟುಡಿಯೊ ಥರವೇ ಕಾಣುತ್ತದೆ. ಆದರೆ ಕಂಡೆನ್ಸರ್ ಮೈಕಿಗೆ ಸಾಮಾನ್ಯವಾಗಿ ಬೇಕಾದದ್ದು 48 ವೋಲ್ಟಿನ ಫ್ಯಾಂಟಮ್ ಪವರ್, ಎಂದರೆ ಕೇಬಲ್ಲಿನ ಮೂಲಕವೇ ಮೈಕಿಗೆ ಹರಿಯುವ ವಿದ್ಯುತ್ತು. ಯುಎಸ್‌ಬಿ ಕೊಡುವುದು 5 ವೋಲ್ಟು. ಮೈಕು ಹೇಗೋ ಕೆಲಸ ಮಾಡುತ್ತದೆ, ಆದರೆ ದನಿ ತೆಳುವಾಗುತ್ತದೆ, ಹಾಡಿನ ಹಿಂದೆ ಸುಯ್ಯೆನ್ನುವ ಸದ್ದು ಬಿಡದೆ ಕೇಳುತ್ತದೆ. ಈ ಪೊಟ್ಟಣವನ್ನು ಯಾರಿಗೂ ಶಿಫಾರಸು ಮಾಡುವಂತಿಲ್ಲ.

ತಂಬೂರಿ ಪದ, ಸೋಬಾನೆ, ಕಂಸಾಳೆ, ತಮಟೆ ಇವಕ್ಕೆಲ್ಲ ಒಪ್ಪುವುದು ಡೈನಮಿಕ್ ಮೈಕು. ಅದರ ಡಯಾಫ್ರಮ್ಮಿಗೆ ತಂತಿಯ ಸುರುಳಿ ಅಂಟಿಕೊಂಡಿರುವುದರಿಂದ ಹತ್ತಿರದ ಗಟ್ಟಿ ದನಿಗೆ ಚೆನ್ನಾಗಿ ಓಗೊಡುತ್ತದೆ, ದೂರದ ಸಣ್ಣ ಸದ್ದನ್ನು ಹೆಚ್ಚು ಹಚ್ಚಿಕೊಳ್ಳುವುದಿಲ್ಲ. ಫ್ಯಾಂಟಮ್ ಪವರ್ ಬೇಡ, ಕೈಜಾರಿ ಬಿದ್ದರೂ ಸುಲಭಕ್ಕೆ ಕೆಡದು. ಆರ್ಕೆಸ್ಟ್ರಾ ವೇದಿಕೆಗಳಲ್ಲಿ ಎಲ್ಲರೂ ಕಂಡಿರುವ ಶೂರ್ ಎಸ್‌ಎಂ58 ಮಾರುಕಟ್ಟೆಗೆ ಬಂದದ್ದು 1966ರಲ್ಲಿ. ಇಂದಿಗೂ ಅದೇ ವಿನ್ಯಾಸ ನಡೆಯುತ್ತಿದೆ. ಅಷ್ಟು ಹಣ ಕೂಡದಿದ್ದರೆ ಬೆರಿಂಜರ್ ಎಕ್ಸ್‌ಎಂ8500 ಬಹಳ ಕಡಿಮೆ ಬೆಲೆಗೆ ಸಿಗುತ್ತದೆ; ಹಾಡಿನ ದನಿಗೆ ಅದು ಧಾರಾಳ ಸಾಕು. ಕೊರತೆಯೂ ಇದೆ. ಎಸ್‌ಎಂ58 ಹಿಡಿಯುವುದು 15,000 ಹರ್ಟ್ಸ್‌ವರೆಗೆ ಮಾತ್ರ, ಹಾಗಾಗಿ ಕಂಸಾಳೆಯ ಕಂಚಿನ ಮೇಲಿನ ಝಣಕಾರ ತುಸು ಮಂಕಾಗುತ್ತದೆ. ಗಟ್ಟಿ ಸದ್ದು ತಡೆಯುವ ಶಕ್ತಿ ಒಳ್ಳೆಯ ಕಂಡೆನ್ಸರಿಗೂ ಇದೆ ಎಂಬ ಮಾತು ನಿಜವೇ: ಆಡಿಯೊ-ಟೆಕ್ನಿಕಾ ಎಟಿ2020 ತಡೆಯುವ ಮಿತಿ 144 ಡೆಸಿಬೆಲ್. ಆದರೆ ಮೈಕು ತಡೆದರೂ ಅದನ್ನು ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಇಂಟರ್‌ಫೇಸಿನ ಬಾಗಿಲಲ್ಲಿ ಆ ಸದ್ದು ಒಡೆಯುತ್ತದೆ. ಜೊತೆಗೆ ಫ್ಯಾನು, ಕುಕ್ಕರಿನ ವಿಷಲ್ಲು, ಪಕ್ಕದ ಮನೆಯ ಟಿವಿ ಎಲ್ಲವೂ ಹಾಡಿನೊಳಗೆ ಬಂದು ಕೂರುತ್ತವೆ.

ಸುಗಮ ಸಂಗೀತಕ್ಕೆ ಕಂಡೆನ್ಸರೇ ಸರಿ. ಉಸಿರು, ಕೊನೆಯಲ್ಲಿ ಕರಗುವ ಸ್ವರ, ಒಂದು ಅಕ್ಷರದ ಮೇಲಿನ ನವಿರು ಒತ್ತು, ಇವೆಲ್ಲ ಅದರಲ್ಲಿ ಉಳಿಯುತ್ತವೆ. ಆದರೆ ಹಣ ಮೈಕಿಗೆ ಹೋಗುವ ಮೊದಲು ಗಮನ ಕೋಣೆಗೆ ಹೋಗಬೇಕು. ಟೈಲ್ಸ್ ಹಾಕಿದ ಆರ್‌ಸಿಸಿ ಕೋಣೆಯಲ್ಲಿ ಎಟಿ2020 ಇಟ್ಟರೆ ಅದು ಗೋಡೆಯ ಮಾರುದನಿಯನ್ನೂ ಅಷ್ಟೇ ನಿಷ್ಠೆಯಿಂದ ಹಿಡಿಯುತ್ತದೆ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವ ರೂಢಿ ಎಲ್ಲೆಡೆ ಇದೆ. ಅದರಿಂದ ಹೆಚ್ಚೇನೂ ಆಗದು, ತೆಳು ರಟ್ಟು ತಗ್ಗು ಸ್ವರಗಳನ್ನು ಹೀರಲಾರದು. ಹಾಡುವವರ ಬೆನ್ನ ಹಿಂದೆ ಎರಡು ಹತ್ತಿಯ ಹಾಸಿಗೆ ನಿಲ್ಲಿಸಿ, ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಕಂಬಳಿ ಹಾಕಿದರೆ ಖರ್ಚಿಲ್ಲದೆ ಅರ್ಧ ಕೆಲಸ ಮುಗಿಯುತ್ತದೆ. ಹಳೆಯ ನಾಡಹೆಂಚಿನ ಮನೆಗಳಂತೂ ಇದಕ್ಕೆ ಹೇಳಿ ಮಾಡಿಸಿದಂತಿವೆ. ಒರಟು ಮಾಡು, ಮರದ ಕಂಬ, ತುಂಬಿದ ಅಟ್ಟ ಸದ್ದನ್ನು ಚದುರಿಸಿಬಿಡುತ್ತವೆ.

ಹೊರಗಿನ ಸದ್ದು ಊರಿಂದೂರಿಗೆ ಬೇರೆ. ಶ್ರೀರಂಗಪಟ್ಟಣದಲ್ಲಿ ರೈಲು, ಹೆದ್ದಾರಿಯ ಲಾರಿ. ಪಾಂಡವಪುರದಲ್ಲಿ ಕಬ್ಬು ಅರೆಯುವ ಕಾಲಕ್ಕೆ ಹೊರೆ ಹೊತ್ತ, ಜೋರಾಗಿ ಹಾಡು ಹಾಕಿಕೊಂಡ ಟ್ರ್ಯಾಕ್ಟರುಗಳು. ಲಾರಿಯ ಗುಡುಗನ್ನು ಸಾಫ್ಟ್‌ವೇರಿನಲ್ಲಿ 80 ಹರ್ಟ್ಸ್‌ನ ಕೆಳಗೆ ಕತ್ತರಿಸಿ ತಗ್ಗಿಸಬಹುದು. ಟ್ರ್ಯಾಕ್ಟರಿನ ಹಾಡಿಗೆ ಮದ್ದಿಲ್ಲ, ಅದು ದಾಟುವವರೆಗೆ ಕಾಯಬೇಕು.

ಮೈಕಿಗೂ ಕಂಪ್ಯೂಟರಿಗೂ ನಡುವಿನ ಇಂಟರ್‌ಫೇಸಿನಲ್ಲಿ ಮಾತ್ರ ಜಿಪುಣತನ ಬೇಡ. ಬೆರಿಂಜರಿನ ಯುಎಂ2, ಯುಎಂಸಿ22 ಅಗ್ಗ, ಆದರೆ ಅವು 16 ಬಿಟ್‌ನವು, ಮೈಕಿಗೆ ಇರುವುದೂ ಒಂದೇ ಕಿಂಡಿ. ಅದೇ ಕಂಪನಿಯ ಯುಎಂಸಿ202ಎಚ್‌ಡಿ ಅಥವಾ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ತೆಗೆದುಕೊಂಡರೆ 24 ಬಿಟ್, ಎರಡು ಮೈಕು. ಈ ವ್ಯತ್ಯಾಸ ಕಾಗದದ ಮೇಲಿನದಲ್ಲ. ಕಂಸಾಳೆಯ ಹೊಡೆತ ಯಾವಾಗ ಏರುತ್ತದೆಂದು ಹೇಳಲಾಗದು, ಆದ್ದರಿಂದ ಮಟ್ಟವನ್ನು ಮೈನಸ್ 12 ಡೆಸಿಬೆಲ್ ಸುತ್ತ ಇಳಿಸಿ ಇಟ್ಟುಕೊಳ್ಳಬೇಕು. 24 ಬಿಟ್‌ನಲ್ಲಿ ಹಾಗೆ ಇಳಿಸಿದರೂ ಆಮೇಲೆ ಏರಿಸುವಾಗ ಗದ್ದಲ ಮೇಲೆ ಬರುವುದಿಲ್ಲ. ಡೈರೆಕ್ಟ್ ಮಾನಿಟರ್ ಗುಂಡಿಯೂ ಇರಲಿ. ಕಂಪ್ಯೂಟರ್ ಸುತ್ತಿ ಬರುವ ದನಿ ತಡವಾಗಿ ಕಿವಿಗೆ ಬಿದ್ದರೆ ಹಾಡುವವರು ತಾಳ ತಪ್ಪುತ್ತಾರೆ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನೂ ಬೇಕು, ಇಲ್ಲದಿದ್ದರೆ ಅದರ ಸದ್ದು ಮತ್ತೆ ಮೈಕಿಗೆ ಸೇರುತ್ತದೆ.

ಹೊಸ ಕಂಪ್ಯೂಟರ್ ಬೇಡ. ಎಸ್‌ಎಸ್‌ಡಿ ಹಾಕಿದ ಹಳೆಯ ಲ್ಯಾಪ್‌ಟಾಪ್ ನಾಲ್ಕೈದು ಟ್ರ್ಯಾಕಿಗೆ ಸಾಕು. 2000ದಿಂದ ಉಚಿತವಾಗಿ ಸಿಗುತ್ತಿರುವ ಆಡಾಸಿಟಿಯಲ್ಲಿ ಶುರು ಮಾಡಬಹುದು. ಬೆಳೆದ ಮೇಲೆ ರೀಪರ್ ಇದೆ, ವೈಯಕ್ತಿಕ ಬಳಕೆಯ ಲೈಸೆನ್ಸಿಗೆ 60 ಡಾಲರ್. ಕದ್ದ ಸಾಫ್ಟ್‌ವೇರಿನ ಜೊತೆ ವೈರಸ್ ತಂದುಕೊಳ್ಳುವ ಅಗತ್ಯವೇ ಇಲ್ಲ. ಹಾಡಿನ ಅಡಿಯಲ್ಲಿ ಗುಂಯ್ ಎನ್ನುವುದು ಹೆಚ್ಚಾಗಿ 50 ಹರ್ಟ್ಸ್‌ನ ಕರೆಂಟಿನ ಸದ್ದು, ಅರ್ತಿಂಗ್ ಸರಿಯಿಲ್ಲದ ಮನೆಗಳಲ್ಲಿ ಸಾಮಾನ್ಯ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿದರೆ ಎಷ್ಟೋ ಸಲ ಅದು ಅಲ್ಲೇ ನಿಲ್ಲುತ್ತದೆ. ಇಂಟರ್‌ಫೇಸು, ಒಂದು ಡೈನಮಿಕ್ ಮೈಕು, ಹೆಡ್‌ಫೋನು, ಕೇಬಲ್ಲು, ಸ್ಟ್ಯಾಂಡು ಸೇರಿ 20 ಸಾವಿರ ರೂಪಾಯಿಯ ಆಸುಪಾಸಿಗೆ ನಿಲ್ಲಿಸಬಹುದು.

ಈ ಸೆಟ್ಟಿಗೆ ನಿಜವಾದ ಪರೀಕ್ಷೆ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ಮೇಳ. ತಂಬೂರಿ, ಡಗ್ಗ, ಗಗ್ಗರ, ಜೊತೆಗೆ ಸೊಲ್ಲು ಕೊಡುವವರು; ಇನ್ನೊಂದನ್ನು ಸೇರಿಸಿಕೊಂಡರೂ ಮೈಕು ಎರಡೇ. ಮುಖ್ಯ ಗಾಯಕರಿಗೆ ಒಂದು ಮೈಕು ಮೀಸಲಿಟ್ಟು, ಇನ್ನೊಂದನ್ನು ಹಿಮ್ಮೇಳದ ಮಧ್ಯೆ ಇರಿಸಿ, ಜೋರಾಗಿ ಬಾರಿಸುವವರನ್ನು ಎರಡು ಹೆಜ್ಜೆ ಹಿಂದೆ ಕೂರಿಸಬೇಕು. ಸಮತೋಲ ಇಲ್ಲಿ ಹುಟ್ಟುವುದು ಜನ ಕೂತ ಜಾಗದಿಂದ, ಹೆಚ್ಚು ದುಡ್ಡಿನ ಉಪಕರಣದಿಂದಲ್ಲ. ಇಡೀ ರಾತ್ರಿಯ ಹಾಡಾದರೆ ಇನ್ನೊಂದು ಎಚ್ಚರ: 24 ಬಿಟ್, 48,000 ಹರ್ಟ್ಸ್‌ನ ಎರಡು ಟ್ರ್ಯಾಕಿಗೆ ತಾಸಿಗೆ 1 ಜಿಬಿಗೂ ಹೆಚ್ಚು ಜಾಗ ಬೇಕು, ಸಾಮಾನ್ಯ ವೇವ್ ಕಡತದ ಮಿತಿ 4 ಜಿಬಿ. ಎರಡು ಟ್ರ್ಯಾಕನ್ನೂ ಒಂದೇ ಕಡತಕ್ಕೆ ತುಂಬುತ್ತಿದ್ದರೆ ನಾಲ್ಕು ತಾಸು ದಾಟುತ್ತಲೇ ಅದು ಮುಗಿದುಹೋಗುತ್ತದೆ. ಆದ್ದರಿಂದ ಕಥೆಯ ಒಂದೊಂದು ‘ಸಾಲು’, ಎಂದರೆ ಒಂದೊಂದು ಭಾಗ, ಮುಗಿದಾಗ ನಿಲ್ಲಿಸಿ ಹೊಸ ಕಡತ ತೆರೆಯಬೇಕು, ಪ್ರತಿಯೊಂದಕ್ಕೂ ಹಾಡಿದವರ ಹೆಸರು, ಊರು, ತಾರೀಕು ಬರೆದು, ಬೆಳಗಾಗುವಷ್ಟರಲ್ಲಿ ಇನ್ನೊಂದು ಡಿಸ್ಕಿಗೆ ನಕಲು ಮಾಡಿಡಬೇಕು.