ನಗಾರಖಾನೆಯಲ್ಲಿ ತೊಗಲಿನ ಲೆಕ್ಕ

ನಾವು ಶಿವಯೋಗ ಮಂದಿರದ ಆಸುಪಾಸಿನ ಹಳ್ಳಿಗಳವರು, ಮಲಪ್ರಭೆಯ ದಂಡೆಯವರು. ನಮ್ಮ ಅಜ್ಜಂದಿರು ಸತ್ತ ದನ ಹೊತ್ತವರು, ತೊಗಲು ಹದ ಮಾಡಿದವರು, ಹಲಗಿ ಬಾರಿಸಿದವರು. ನಮ್ಮ ಮನೆಗಳಲ್ಲಿ ಡಿಗ್ರಿ ಕಂಡವರು ನಾವೇ ಮೊದಲು. ಬಾದಾಮಿಯಲ್ಲಿ ರೈಲು ಹತ್ತಿ ವಿಜಯಪುರಕ್ಕೆ ಹೋಗಿ ಗೋಳಗುಮ್ಮಟದ ಮ್ಯೂಸಿಯಂ ನೋಡಿ ಬಂದೆವು. 1997ರವರೆಗೆ ನಮ್ಮದೂ ಅದೇ ಜಿಲ್ಲೆ. ಊರಿಗೆ ಬಂದಾಗ ಅವ್ವ ಕೇಳಿದಳು: "ಅಲ್ಲೇನೈತಿ ನೋಡಾಕ?"

ಗೆಳೆಯರೆ, ಅಲ್ಲಿ ಒಂದೇ ಮಾಡಿನ ಕೆಳಗೆ ಅರ್ಧ ಏಷ್ಯಾ ಇದೆ. ಚೀನಾದ ಪಿಂಗಾಣಿ ಇದೆ. ಅರಬ್ಬಿ, ಪಾರಸಿ, ಸಂಸ್ಕೃತ, ಕನ್ನಡ ಬರಹದ ಕಲ್ಲುಗಳಿವೆ. ವೈದಿಕ ದೇವರಿದ್ದಾರೆ, ಜಿನಮೂರ್ತಿಗಳಿವೆ, ರತ್ನಗಂಬಳಿಗಳಿವೆ, ಬಿದರಿ ಸಾಮಾನಿದೆ, ಫರ್ಮಾನುಗಳಿವೆ, ಕತ್ತಿಗಳಿವೆ. ಜೋಳ ಬೆಳೆಯುವ ಈ ಒಣ ನೆಲ ಒಂದು ಕಾಲಕ್ಕೆ ಕಡಲಾಚೆಯ ಲೋಕದ ಜೊತೆ ಕೊಟ್ಟು ತಂದು ಬಾಳಿತ್ತು. ಧರ್ಮದ ಹೆಸರಿನಲ್ಲಿ ಊರೂರಿಗೆ ಗೋಡೆ ಎಬ್ಬಿಸುವವರು ಒಮ್ಮೆ ಇಲ್ಲಿ ನಿಂತು ನೋಡಲಿ. ಈ ಮಾತನ್ನು ನಾವು ಮನಸಾರೆ ಹೇಳುತ್ತೇವೆ.

ಆದರೆ ಅಲ್ಲಿನ ಎಲ್ಲಕ್ಕಿಂತ ದೊಡ್ಡ ವಸ್ತು ಗಾಜಿನ ಪೆಟ್ಟಿಗೆಯಲ್ಲಿಲ್ಲ. ಅದು ಆ ಕಟ್ಟಡವೇ. ಅದು ನಗಾರಖಾನೆ. 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲ್‌ಶಾಹನ ಗೋರಿಯ ಮುಂದೆ, ನಗಾರಿ ಬಾರಿಸುವುದಕ್ಕೆಂದು ಕಟ್ಟಿದ ಮನೆ. 1892ರಲ್ಲಿ ಬ್ರಿಟಿಷರ ಆಳ್ವಿಕೆಯಲ್ಲಿ ಅದು ಮ್ಯೂಸಿಯಂ ಆಯಿತು. 1982ರಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಕೈಗೆ ಬಂತು. ಜನ ಒಳಗಿನ ಕತ್ತಿ, ಪಿಂಗಾಣಿ ನೋಡುತ್ತಾರೆ. ಆಮೇಲೆ ಗುಮ್ಮಟ ಹತ್ತಿ ಪಿಸುಮಾತಿನ ಗ್ಯಾಲರಿಯಲ್ಲಿ ಕೂಗಿ, ತಮ್ಮ ದನಿ ತಮಗೇ ಕೇಳಿಸಿತೆಂದು ಹಿಗ್ಗುತ್ತಾರೆ. ಮುಂದಿನ ಮನೆಯಲ್ಲಿ ಯಾರ ಸದ್ದಿತ್ತು ಎಂದು ಕೇಳುವವರಿಲ್ಲ.

ನಗಾರಿ ಎಂದರೇನು? ದೊಡ್ಡ ಬೋಗುಣಿ, ಅದರ ಬಾಯಿಗೆ ಬಿಗಿದ ತೊಗಲು. ತೊಗಲೇನು ಆಕಾಶದಿಂದ ಬಿತ್ತೇ? ಸತ್ತ ದನ ಎಳೆಯಬೇಕು, ಸುಲಿಯಬೇಕು, ಸುಣ್ಣದ ನೀರಲ್ಲಿ ನೆನೆಹಾಕಿ ಕೂದಲು ಕೆರೆಯಬೇಕು, ಎಳೆದು ಬಿಗಿದು ಒಣಗಿಸಬೇಕು. ಆ ಕೈ ನಾರುತ್ತದೆಂದು ಊರ ಹೊರಗಿಟ್ಟರು. ಆ ತೊಗಲಿನ ಸದ್ದು ಮಾತ್ರ ದೇವರ ಮುಂದೆಯೂ ನಡೆಯಿತು, ದೊರೆಯ ಮುಂದೆಯೂ ನಡೆಯಿತು.

ಮಹಮ್ಮದನ ತಂದೆ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಹಾಡಿನ ಹುಚ್ಚಿನವನು. 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಪುಸ್ತಕವನ್ನೇ ಬರೆದ. ನಾವೂ ಪದ ಕಟ್ಟುವವರು, ಆ ಹುಚ್ಚಿಗೆ ನಮ್ಮ ಗೌರವವಿದೆ. ಅವನ ತಂಬೂರಿಗೆ ಮೋತಿ ಖಾನ್ ಎಂದು ಹೆಸರು. ಅವನ ಆನೆಗೆ ಆತಶ್ ಖಾನ್ ಎಂದು ಹೆಸರು. ಕಟ್ಟಿಗೆಗೆ ಹೆಸರು, ಆನೆಗೆ ಹೆಸರು. ನಗಾರಿಗೆ ತೊಗಲು ಬಿಗಿದವನ ಹೆಸರು ಉಳಿದು ಬಂದಿಲ್ಲ. ಮ್ಯೂಸಿಯಮ್ಮಿನಲ್ಲಿ ವೀರಗಲ್ಲುಗಳೂ ಇವೆ. ತುರುಗಾಳಗದಲ್ಲಿ ದನ ಉಳಿಸಲು ಸತ್ತವನಿಗೆ ನಮ್ಮ ನಾಡು ಊರೂರಲ್ಲಿ ಕಲ್ಲು ನೆಟ್ಟಿದೆ. ಸತ್ತ ದನ ಹೊತ್ತವನಿಗೆ ಯಾರು ಕಲ್ಲು ನೆಟ್ಟರು?

ಕಲೆಯೆಂದರೆ ಶೈಲಿ, ಕಾಲ, ರಾಜವಂಶ ಅಷ್ಟೇ ಎನ್ನುವ ಪಂಡಿತರಿಗೆ ನಮ್ಮ ತಕರಾರಿದೆ. ಅವರ ಕಣ್ಣಿಗೆ ಬಿದರಿಯ ಬೆಳ್ಳಿ ಕಾಣುತ್ತದೆ. ಅದನ್ನು ಕೂರಿಸಿದ ಬೆರಳು ಕಾಣುವುದಿಲ್ಲ. ಆದರೆ ನಮ್ಮ ಗೆಳೆಯರ ಮೇಲೂ ತಕರಾರಿದೆ. "ರಾಜರ ಸಾಮಾನು ತಗೊಂಡು ನಮಗೇನ್ರಿ?" ಎಂದು ಬಾಗಿಲಿನಿಂದಲೇ ತಿರುಗುವವರು ಅವರು. ಹಲಗಿಯ ಕತೆ ನೆನಪಿರಲಿ. ಬಿಟ್ಟಿ ಚಾಕರಿಯಾಗಿ ಇನ್ನು ಹಲಗಿ ಬಾರಿಸುವುದಿಲ್ಲ ಎಂದು ದಲಿತ ಕೇರಿಗಳು ಎದ್ದು ನಿಂತದ್ದು ಸರಿ, ನೂರಕ್ಕೆ ನೂರು ಸರಿ. ಆದರೆ ಹಲಗಿಯದೇನು ತಪ್ಪು? ಅದೇ ಹಲಗಿ ನಮ್ಮ ಮೆರವಣಿಗೆಗಳ ಮುಂದೆ ನಡೆಯಿತು. ಬಿಡಬೇಕಾದದ್ದು ಬಿಟ್ಟಿಯನ್ನು, ಕಲೆಯನ್ನಲ್ಲ. ಮ್ಯೂಸಿಯಮ್ಮಿಗೂ ಇದೇ ಮಾತು. ಹೊರಗೆ ನಿಂತು ಬೈದರೆ ಅದು ರಾಜರದಾಗಿಯೇ ಉಳಿಯುತ್ತದೆ. ಒಳಗೆ ಹೋಗಿ ಲೆಕ್ಕ ಕೇಳಿದರೆ ನಮ್ಮದೂ ಆಗುತ್ತದೆ.

ಹಳ್ಳಿಯ ಮಾಸ್ತರರೆ, ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ದಾಗ ಗುಮ್ಮಟಕ್ಕೆ ಓಡಿಸಬೇಡಿ. ಮೊದಲು ನಗಾರಖಾನೆಯ ಮುಂದೆ ನಿಲ್ಲಿಸಿ. ಬಾರಿಸಿದವರು ಯಾರು? ತೊಗಲು ತಂದವರು ಯಾರು? ಕಲ್ಲು ಹೊತ್ತವರು ಯಾರು, ಅವರ ಕೂಲಿ ಎಷ್ಟು? ಈ ಮೂರನ್ನು ಮಕ್ಕಳೇ ಕೇಳಲಿ. ಉತ್ತರ ಸಿಗದಿದ್ದರೆ ಪ್ರಶ್ನೆಯನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರಲಿ, ತಮ್ಮ ಕೇರಿಯ ಮುದುಕರನ್ನು ಕೇಳಲಿ. ತೊಗಲಿನ ವಿದ್ಯೆ ಇನ್ನೂ ಅವರ ಕೈಯಲ್ಲಿದೆ.

ಅವ್ವನಿಗೆ ನಾವು ಹೇಳಿದ್ದು ಇಷ್ಟೇ: "ನಿಮ್ಮಪ್ಪನಂಥವರು ತೊಗಲ ಬಿಗದು ಕೊಟ್ಟಿದ್ದ ನಗಾರಿ ಮನಿ ಐತಿ, ಯವ್ವಾ. ಅವರ ಹೆಸರು ಇನ್ನಾ ಬರೀಬೇಕಾಗೈತಿ."